ಮಾನ್ಯಖೇಟದ ಅಂಕಮಾಲೆ



ಇತಿಹಾಸವೆಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಕೋಟೆ, ಶಾಸನ, ದೇವಾಲಯ, ಅರಸರ ವಂಶಾವಳಿ. ನಮ್ಮ ಸೀಮೆಯಲ್ಲಿ ಇವುಗಳಿಗೇನೂ ಕೊರತೆಯಿಲ್ಲ. ಯಾದಗಿರಿಯ ಬೆಟ್ಟದ ಮೇಲೆ ಕೋಟೆಯಿದೆ. ಸುರಪುರದಲ್ಲಿ ನಾಯಕ ಅರಸರ ನೆನಪುಗಳಿವೆ. ಸುರಪುರ ಸೀಮೆಯ ಏವೂರಿನಲ್ಲಿ ದೊರೆತ ಕ್ರಿ.ಶ. ೧೦೭೭ರ ಶಾಸನವು ಚಾಲುಕ್ಯರ ವಂಶಚರಿತ್ರೆಗೆ ಒಂದು ಮುಖ್ಯ ಆಧಾರವಾಗಿದೆ. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಅಕ್ಷರವೇ ಇಲ್ಲದ ಕಾಲದ ಜನರು ದೊಡ್ಡ ದೊಡ್ಡ ಬಂಡೆಗಳನ್ನು ಸಾಲು ಹಿಡಿದು ನಿಲ್ಲಿಸಿದ್ದಾರೆ. ಇವೆಲ್ಲ ಕಣ್ಣಿಗೆ ಕಾಣುವ ಇತಿಹಾಸ. ಆದರೆ ಕಣ್ಣಿಗೆ ಕಾಣದ, ಕೇವಲ ಬುದ್ಧಿಗೆ ಗೋಚರವಾಗುವ ಇತಿಹಾಸವೊಂದುಂಟು. ಸಂಖ್ಯೆಗೂ ಚರಿತ್ರೆಯಿದೆ. ಅಂಥದೊಂದು ಸಂಖ್ಯೆಯನ್ನು ಈ ಸಲ ತಮ್ಮ ಮುಂದಿಡಬೇಕೆಂದು ನಮ್ಮ ಮನಸ್ಸು.

ಆ ಸಂಖ್ಯೆ ಇದು: ೧೨೩೪೫೬೫೪೩೨೧.

ನಾವು ಇಂದು ಓದುವ ಕ್ರಮದಲ್ಲಿ ಇದು ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದರಿಂದ ಆರರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ಅದೇ ಮೆಟ್ಟಿಲುಗಳಿಂದ ಇಳಿದು ಒಂದಕ್ಕೆ ಬಂದು ನಿಲ್ಲುತ್ತದೆ. ‘ವಿಕಟಕವಿ’ ಎಂಬ ಮಾತನ್ನು ಎತ್ತಲಿಂದ ಓದಿದರೂ ಒಂದೇ ಆಗುವಂತೆ ಈ ಸಂಖ್ಯೆಯೂ ಎರಡು ಕಡೆಯಿಂದ ಒಂದೇ. ಕಾವ್ಯದಲ್ಲಿ ಇಂಥ ರಚನೆಯನ್ನು ಆಲಂಕಾರಿಕರು ‘ಗತಪ್ರತ್ಯಾಗತ’ವೆಂದು ಕರೆದರು. ಹನ್ನೊಂದು ಶತಮಾನಗಳ ಹಿಂದೆ ಕನ್ನಡ ಅರಸನೊಬ್ಬನ ಆಶ್ರಯದಲ್ಲಿ ರಚಿತವಾದ ಗಣಿತಗ್ರಂಥವೊಂದರಲ್ಲಿ ಈ ಸಂಖ್ಯೆ ಒಂದು ಗುಣಾಕಾರದ ಉತ್ತರವಾಗಿ ಬರುತ್ತದೆ.

ಆ ಅರಸ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಆತನ ಆಳ್ವಿಕೆ ಕ್ರಿ.ಶ. ೮೧೪ರಿಂದ ೮೭೮ರವರೆಗೆ. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ. ಊರು ಕಾಗಿಣಾ ನದಿಯ ದಂಡೆಯ ಮೇಲಿದೆ. ಆ ನೀರು ಮುಂದೆ ಭೀಮೆಯನ್ನು ಕೂಡಿ, ಯಾದಗಿರಿಯ ಪಕ್ಕದಲ್ಲಿ ಹರಿದು, ಕೃಷ್ಣೆಯನ್ನು ಸೇರುತ್ತದೆ. ಆದುದರಿಂದ ಮಾನ್ಯಖೇಟವು ನಮಗೆ ದೂರದ ಊರಲ್ಲ. ನಾವು ಕುಡಿಯುವ ಹೊಳೆಯ ಮೇಲ್ಭಾಗದ ಊರು. ಕ್ರಿ.ಶ. ೮೫೧ರ ಸುಮಾರಿಗೆ ಅರಬ್ ವರ್ತಕ ಸುಲೈಮಾನನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಈ ರಾಷ್ಟ್ರಕೂಟ ದೊರೆಯನ್ನೂ ಎಣಿಸಿದನು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದುದು ಈ ಅರಸನ ಆಸ್ಥಾನದಲ್ಲಿಯೇ ಎಂಬುದನ್ನು ತಾವೆಲ್ಲ ಬಲ್ಲಿರಿ. ಅದೇ ಕಾಲದಲ್ಲಿ, ಅದೇ ಅರಸನನ್ನು ಸ್ತುತಿಸಿ ಆರಂಭವಾಗುವ ಮತ್ತೊಂದು ಗ್ರಂಥವಿದೆಯೆಂಬುದನ್ನು ಮಾತ್ರ ಬಹುಮಂದಿ ಅರಿಯರು. ಅದು ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’.

ಈ ಮಹಾವೀರಾಚಾರ್ಯರು ಜೈನ ವಿದ್ವಾಂಸರು; ಇಪ್ಪತ್ತನಾಲ್ಕನೆಯ ತೀರ್ಥಂಕರರಾದ ವರ್ಧಮಾನ ಮಹಾವೀರರಲ್ಲ. ಕ್ರಿ.ಶ. ೮೫೦ರ ಸುಮಾರಿಗೆ ಇವರು ಸಂಸ್ಕೃತದಲ್ಲಿ ಬರೆದ ಗ್ರಂಥದಲ್ಲಿ ಒಂಬತ್ತು ಅಧಿಕಾರಗಳು, ಸಾವಿರದ ನೂರಕ್ಕೂ ಮೇಲ್ಪಟ್ಟ ಶ್ಲೋಕಗಳು ಇವೆ. ಸಂಜ್ಞೆ, ಪರಿಕರ್ಮ, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ ಮೊದಲಾದ ಮಿಶ್ರಕ ವ್ಯವಹಾರ, ಕ್ಷೇತ್ರಗಣಿತ, ಅಗೆತದ ಲೆಕ್ಕ, ನೆರಳಿನ ಲೆಕ್ಕ ಎಂದು ವಿಷಯಗಳು ಕ್ರಮವಾಗಿ ಬರುತ್ತವೆ. ಪೂರ್ವದ ಗಣಿತಜ್ಞರಲ್ಲಿ ಹಲವರು ಜ್ಯೋತಿಷದ ಅಂಗವಾಗಿ ಗಣಿತವನ್ನು ಹೇಳಿದರು. ಮಹಾವೀರಾಚಾರ್ಯರಾದರೋ ಗಣಿತಕ್ಕಾಗಿಯೇ ಒಂದು ಗ್ರಂಥವನ್ನು ಮೀಸಲಿಟ್ಟರು. ಅಡುಗೆಯಿಂದ ಮೊದಲುಗೊಂಡು ವೈದ್ಯ, ವಾಸ್ತು, ಸಂಗೀತ, ಛಂದಸ್ಸುಗಳವರೆಗೆ ಲೆಕ್ಕವಿಲ್ಲದೆ ಯಾವ ವಿದ್ಯೆಯೂ ನಡೆಯದೆಂಬುದು ಅವರ ಪೀಠಿಕೆಯ ಆಶಯ.

ದೊಡ್ಡ ಸಂಖ್ಯೆಯನ್ನು ಕುರಿತು ಮಾತನಾಡಬೇಕಾದರೆ ಮೊದಲು ಅದನ್ನು ಹೆಸರಿಸಲು ಬರಬೇಕು. ಮಹಾವೀರಾಚಾರ್ಯರು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಹೇಳುತ್ತಾರೆ: ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳನ್ನಿಟ್ಟರೆ ಅದು ಮಹಾಕ್ಷೋಭ. ಬನವಾಸಿ ೧೨೦೦೦, ಗಂಗವಾಡಿ ೯೬೦೦೦ ಎಂದು ನಾಡುಗಳನ್ನೇ ಸಂಖ್ಯೆಯಿಂದ ಗುರುತಿಸುತ್ತಿದ್ದ ಆ ಯುಗದ ಆಡಳಿತಕ್ಕೆ ಲಕ್ಷದ ಆಚೆಗಿನ ಸ್ಥಾನಗಳು ಅಷ್ಟಾಗಿ ಬೇಕಾಗಿರಲಿಲ್ಲ. ಬೇಕಾಗಿದ್ದುದು ಬುದ್ಧಿಗೆ. ಈ ಕ್ರಮದಲ್ಲಿ ನಮ್ಮ ಸಂಖ್ಯೆಯನ್ನು ಓದಿ ನೋಡಿ: ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಅಲ್ಲಿಂದ ಇಳಿಯುತ್ತ ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು. ಲಕ್ಷವು ನಡುವಣ ಶಿಖರ.

ಇನ್ನು ಲೆಕ್ಕ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ಬರುವುದೆಷ್ಟು ಎಂಬುದು ಪ್ರಶ್ನೆ. ಕೊಟ್ಟಿರುವ ಎರಡು ಸಂಖ್ಯೆಗಳನ್ನು ನೋಡಿದರೆ ಅವುಗಳಲ್ಲಿ ಯಾವ ಚೆಲುವೂ ಇಲ್ಲ. ಸಂತೆಯ ಲೆಕ್ಕದಂತೆ ಒರಟಾಗಿವೆ. ವಾಚಕರು ಕಾಗದ ಹಿಡಿದು ಮಾಡಿ ನೋಡಬೇಕೆಂದು ನಮ್ಮ ಆಗ್ರಹ. ೪೪೧ ಎಂಬುದು ೨೧ನ್ನು ೨೧ರಿಂದ ಗುಣಿಸಿದ ಫಲ. ಆದುದರಿಂದ ಎರಡು ಸಲ ೨೧ರಿಂದ ಗುಣಿಸಿದರೆ ಸಾಕು. ಮೊದಲ ಸಲ ೫೮೭೮೮೮೩೦೧ ಬರುತ್ತದೆ. ಇದೂ ಒರಟೇ. ಅದನ್ನು ಮತ್ತೆ ೨೧ರಿಂದ ಗುಣಿಸಿರಿ. ೧೨೩೪೫೬೫೪೩೨೧! ಕಲ್ಲನ್ನು ಸೀಳಿದಾಗ ಒಳಗೆ ಹರಳು ಕಂಡಂತೆ.

ಇದು ಹೇಗಾಯಿತು? ಪವಾಡವೇ? ಅಲ್ಲ. ಬಿಡಿಸಿ ನೋಡೋಣ. ಒಂದು ಎಂಬ ಅಂಕವನ್ನೇ ಸಾಲಾಗಿ ಬರೆದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿರಿ:

೧೧ × ೧೧ = ೧೨೧
೧೧೧ × ೧೧೧ = ೧೨೩೨೧
೧೧೧೧ × ೧೧೧೧ = ೧೨೩೪೩೨೧
೧೧೧೧೧ × ೧೧೧೧೧ = ೧೨೩೪೫೪೩೨೧
೧೧೧೧೧೧ × ೧೧೧೧೧೧ = ೧೨೩೪೫೬೫೪೩೨೧

ಕೊನೆಯ ಸಾಲಿನಲ್ಲಿ ನಡೆಯುವುದಿಷ್ಟೇ. ೧೧೧೧೧೧ ಎಂಬುದನ್ನು ಆರು ಸಲ, ಪ್ರತಿ ಸಲವೂ ಒಂದೊಂದು ಮನೆ ಎಡಕ್ಕೆ ಸರಿಸಿ, ಒಂದರ ಕೆಳಗೊಂದು ಬರೆದು ಕೂಡಿಸಬೇಕು. ಬಲತುದಿಯ ಕಂಬದಲ್ಲಿ ಒಂದೇ ಒಂದು ‘ಒಂದು’ ಇರುತ್ತದೆ. ಅದರ ಪಕ್ಕದಲ್ಲಿ ಎರಡು. ಹಾಗೆಯೇ ಏರುತ್ತ ನಡುವಿನ ಕಂಬದಲ್ಲಿ ಆರು. ಅಲ್ಲಿಂದ ಎಡಕ್ಕೆ ಇಳಿಮುಖ. ಯಾವ ಕಂಬದ ಮೊತ್ತವೂ ಒಂಬತ್ತನ್ನು ಮೀರದಿರುವುದರಿಂದ ಪಕ್ಕದ ಮನೆಗೆ ದಶಕವನ್ನು ಒಯ್ಯುವ ಪ್ರಸಂಗವಿಲ್ಲ. ಆದುದರಿಂದ ಏರಿಳಿತವು ಕೆಡದೆ ಉಳಿಯುತ್ತದೆ. ಒಂಬತ್ತು ಒಂದುಗಳವರೆಗೆ ಈ ಶೋಭೆ ನಿಲ್ಲುತ್ತದೆ. ಆಗ ೧೨೩೪೫೬೭೮೯೮೭೬೫೪೩೨೧ ಬರುತ್ತದೆ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಕಂಬದಲ್ಲಿ ಹತ್ತು ಆಗಿ, ದಶಕವು ಪಕ್ಕಕ್ಕೆ ಹರಿದು, ಸೊಗಸು ಮುರಿಯುತ್ತದೆ.

ಹಾಗಾದರೆ ಒಂಬತ್ತರವರೆಗೆ ಹೋಗಬಹುದಾಗಿದ್ದಾಗ ಆರರಲ್ಲೇಕೆ ನಿಲ್ಲಬೇಕು? ಇಲ್ಲಿ ಈ ಸಂಖ್ಯೆಯ ಅಂತರಂಗವನ್ನು ನೋಡಬೇಕು. ಐದು ಒಂದುಗಳ ಸಂಖ್ಯೆಯಾದ ೧೧೧೧೧ನ್ನು ಒಡೆದರೆ ಸಿಗುವುದು ೪೧ ಮತ್ತು ೨೭೧ ಮಾತ್ರ. ಏಳು ಒಂದುಗಳನ್ನು ಒಡೆದರೆ ೨೩೯ ಮತ್ತು ೪೬೪೯. ಇವು ಕೈಗೆ ಎಟುಕದ ಗಟ್ಟಿ ಕಾಳುಗಳು. ಆರು ಒಂದುಗಳ ಸಂಖ್ಯೆಯಾದರೋ ೩, ೭, ೧೧, ೧೩, ೩೭ ಎಂಬ ಐದು ಸಣ್ಣ ಅವಿಭಾಜ್ಯಗಳ ಗುಣಲಬ್ಧ. ಇವುಗಳಲ್ಲಿ ೩ ಮತ್ತು ೭ನ್ನು ಕೂಡಿಸಿ ಗುಣಿಸಿದರೆ ೨೧. ಉಳಿದ ಮೂರನ್ನು ಗುಣಿಸಿದರೆ ೫೨೯೧. ೨೧ರ ವರ್ಗ ೪೪೧. ೫೨೯೧ರ ವರ್ಗ ೨೭೯೯೪೬೮೧. ಈಗ ಗುಟ್ಟು ರಟ್ಟಾಯಿತಲ್ಲವೇ? ಆಚಾರ್ಯರು ಕೊಟ್ಟ ಎರಡೂ ಸಂಖ್ಯೆಗಳು ವರ್ಗಗಳು. ಎರಡು ವರ್ಗಗಳ ಗುಣಲಬ್ಧವೂ ವರ್ಗವೇ. ಅದರ ಮೂಲ ೧೧೧೧೧೧. ಅಂಕಗಳನ್ನೆಲ್ಲ ಕೂಡಿಸಿದರೆ ೩೬ ಬರುತ್ತದೆ. ಅದು ಶಿಖರವಾದ ಆರರ ವರ್ಗ. ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು ೨೪೩. ಇಷ್ಟೊಂದು ಬಾಗಿಲುಗಳಿರುವ ಮನೆ ಇದು.

ಇಂಥ ಲೆಕ್ಕ ಇದೊಂದೇ ಅಲ್ಲ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ೧೪೨೮೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೧೦೦೦೧. ೧೪೨೮೫೭೧೪೩ನ್ನು ಅದೇ ಏಳರಿಂದ ಗುಣಿಸಿದರೆ ೧೦೦೦೦೦೦೦೦೧. ಎಲ್ಲಕ್ಕಿಂತ ದೊಡ್ಡದು ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸುವುದು, ಫಲ ೧೧೦೦೦೦೧೧೦೦೦೦೧೧. ಸೊನ್ನೆಗಳ ದಾರದಲ್ಲಿ ಜೋಡಿ ಜೋಡಿ ಮಣಿಗಳನ್ನು ಪೋಣಿಸಿದಂತಿದೆಯಲ್ಲವೇ? ಆಚಾರ್ಯರಿಗೂ ಹಾಗೆಯೇ ಕಂಡಿತು. ಇಂಥ ಉತ್ತರಗಳನ್ನು ಅವರು ಕಂಠಿಕೆ, ರಾಜಕಂಠಿಕೆ, ಅಂದರೆ ಕೊರಳ ಹಾರವೆಂದು ಕರೆದರು.

ಇದನ್ನು ಕೇಳಿದ ಕೆಲವರು, ಇದು ಬರಿಯ ಅಂಕಗಳ ಆಟ, ಇದರಿಂದ ಪ್ರಯೋಜನವೇನೆಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರವು ಅಂದಿನ ಪಾಠಕ್ರಮದಲ್ಲಿದೆಯೆಂದು ನಮ್ಮ ಭಾವನೆ. ಅಂದು ಕಾಗದವಿರಲಿಲ್ಲ. ಹಲಗೆಯ ಮೇಲೆ ಧೂಳು ಹರಡಿ, ಬೆರಳಿನಿಂದಲೋ ಕಡ್ಡಿಯಿಂದಲೋ ಅಂಕಗಳನ್ನು ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದರು. ನಮ್ಮ ಹಳ್ಳಿಗಳ ಕೂಲಿಮಠಗಳಲ್ಲಿಯೂ ಮರಳಿನ ಮೇಲೆ ಬೆರಳಾಡಿಸಿಯೇ ಅಕ್ಷರ ತಿದ್ದಿಸುತ್ತಿದ್ದುದನ್ನು ಹಿರಿಯರು ನೆನೆಯುವರು. ಮಹಾವೀರಾಚಾರ್ಯರು ಹೇಳುವ ಗುಣಾಕಾರದ ಕ್ರಮಕ್ಕೆ ‘ಕವಾಟಸಂಧಿ’ಯೆಂದು ಹೆಸರು. ಕದದ ಎರಡು ಪಟ್ಟಿಗಳಂತೆ ಗುಣ್ಯ ಗುಣಕಗಳನ್ನು ಮೇಲೆ ಕೆಳಗೆ ಜೋಡಿಸಿ, ಒಂದನ್ನು ಸರಿಸುತ್ತ ಗುಣಿಸುವ ವಿಧಾನ ಅದು. ಹೆಜ್ಜೆ ಹೆಜ್ಜೆಗೂ ಹಿಂದಿನ ಅಂಕವನ್ನು ಅಳಿಸಿ ಹೊಸದನ್ನು ಬರೆಯುವುದರಿಂದ ಲೆಕ್ಕ ಮುಗಿದಾಗ ಹಲಗೆಯ ಮೇಲೆ ಉಳಿಯುವುದು ಉತ್ತರವೊಂದೇ. ದಾರಿ ಅಳಿಸಿಹೋಗಿರುತ್ತದೆ. ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ಹಿಂತಿರುಗಿ ನೋಡುವಂತಿಲ್ಲ.

ಅಂಥಲ್ಲಿ ಉತ್ತರವೇ ತನ್ನ ಸಾಕ್ಷಿಯನ್ನು ತಾನು ಹೇಳುವಂತಿದ್ದರೆ ವಿದ್ಯಾರ್ಥಿಗೆ ಎಷ್ಟು ಉಪಕಾರ! ಒಂದು ಅಂಕ ತಪ್ಪಿದರೂ ಹಾರ ಹರಿಯುತ್ತದೆ. ಅಂಕಗಳನ್ನು ಕೂಡಿಸಿ ಒಂಬತ್ತನ್ನು ಕಳೆದು ತಾಳೆ ನೋಡುವ ಪರೀಕ್ಷೆಯೊಂದುಂಟು. ಆದರೆ ಎರಡು ಅಂಕಗಳು ಸ್ಥಾನ ಬದಲಿಸಿದರೆ ಆ ಪರೀಕ್ಷೆಗೆ ತಿಳಿಯದು. ಕಂಠಿಕೆಯಲ್ಲಿ ಅದು ತಟ್ಟನೆ ಕಣ್ಣಿಗೆ ಬೀಳುತ್ತದೆ. ಮತ್ತೊಂದು ಮಾತು. ಶ್ಲೋಕಗಳಲ್ಲಿ ಸಂಖ್ಯೆಯನ್ನು ಹೇಳುವಾಗ ಏಕಸ್ಥಾನದಿಂದ ಮೊದಲುಮಾಡಿ ಎಡಕ್ಕೆ ಸಾಗುವುದು ವಾಡಿಕೆ. ಹೊಸಬನು ಬಲ ಎಡಗಳಲ್ಲಿ ತೊಡಕಿಕೊಳ್ಳುವುದು ಸಹಜ. ಎರಡು ಕಡೆಯಿಂದಲೂ ಒಂದೇ ಆಗಿರುವ ಉತ್ತರದಲ್ಲಿ ಆ ತೊಡಕೂ ಇಲ್ಲ. ಆದುದರಿಂದ ಈ ಹಾರಗಳನ್ನು ರಾಜನ ಮನೋರಂಜನೆಗಾಗಿ ಮಾಡಿದ ಒಡವೆಗಳೆನ್ನುವುದಕ್ಕಿಂತ ಶಿಷ್ಯನ ಬೆನ್ನು ತಟ್ಟಲು ಗುರುವು ಹೆಣೆದ ಮಾಲೆಗಳೆನ್ನುವುದು ಹೆಚ್ಚು ಯುಕ್ತವೆಂದು ನಮಗೆ ತೋರುತ್ತದೆ. ಸರಿಯಾಗಿ ಗುಣಿಸಿದವನಿಗೆ, ‘ಸರಿ’ ಎಂದು ಹೇಳುವ ಗುರುವು ಎದುರಿಗಿಲ್ಲದಿದ್ದರೂ, ಸಂಖ್ಯೆಯೇ ‘ಸರಿ’ ಎನ್ನುತ್ತದೆ.

ಕ್ರಿ.ಶ. ೯೭೨ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೈದನು. ಮರುವರ್ಷವೇ ಚಾಲುಕ್ಯ ತೈಲಪನಿಂದ ರಾಷ್ಟ್ರಕೂಟರ ಆಳ್ವಿಕೆ ಕೊನೆಗೊಂಡಿತು. ರಾಜರ ಕೊರಳ ಹಾರಗಳು ಎಲ್ಲಿ ಹೋದವೋ! ಮಹಾವೀರಾಚಾರ್ಯರ ಹಾರಗಳಾದರೋ ತಾಳೆಗರಿಯಲ್ಲಿ ಉಳಿದುವು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳನ್ನು ಬರೆದು, ಲೆಕ್ಕವನ್ನು ತಾಯ್ನುಡಿಯಲ್ಲಿ ಹೇಳಬಹುದೆಂದು ತೋರಿಸಿದನು. ಅದೇ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಕಾಯಕವನ್ನು ಆರಂಭಿಸಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಶುದ್ಧವಾದ ಲೆಕ್ಕವು ಶುದ್ಧವಾದ ನಡೆಯ ಒಂದು ಅಂಗವೆಂಬುದು ಶರಣರಿಗೆ ಹೊಸ ಮಾತಾಗಿರಲಿಲ್ಲ.

ಗಣಿತಸಾರಸಂಗ್ರಹವನ್ನು ಆಧುನಿಕ ಜಗತ್ತಿಗೆ ತೋರಿಸಿದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು. ಕನ್ನಡ ಲಿಪಿಯ ತಾಳೆಗರಿ ಪ್ರತಿಗಳನ್ನೂ ಒಳಗೊಂಡು ಹಲವು ಹಸ್ತಪ್ರತಿಗಳನ್ನು ತಾಳೆ ನೋಡಿ, ಇಂಗ್ಲಿಷ್ ಅನುವಾದದೊಂದಿಗೆ ಅವರು ೧೯೧೨ರಲ್ಲಿ ಇದನ್ನು ಪ್ರಕಟಿಸಿದರು. ೨೦೦೦ದಲ್ಲಿ ಮೈಸೂರಿನ ವಿದುಷಿ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದ ಜೈನ ಮಠದಿಂದ ಹೊರಬಂದಿತು. ಒಂದು ಮಠವು ಗಣಿತಗ್ರಂಥವನ್ನು ಅಚ್ಚು ಹಾಕಿಸಿದುದು ಎಲ್ಲ ಮಠಗಳೂ ಮೆಚ್ಚಬೇಕಾದ ಕಾರ್ಯ. ವಿದ್ಯೆಗೆ ಮತದ ಗಡಿಯಿಲ್ಲ.

ಈ ಸಂಖ್ಯೆಯ ಚರಿತ್ರೆಗೆ ಇನ್ನೊಂದು ಅಧ್ಯಾಯವುಂಟು. ನೆರೆಯ ಮಹಾರಾಷ್ಟ್ರದಲ್ಲಿ, ನಾಸಿಕದ ಬಳಿಯ ದೇವಳಾಲಿಯಲ್ಲಿ, ಡಿ. ಆರ್. ಕಾಪ್ರೇಕರ್ (೧೯೦೫–೧೯೮೬) ಎಂಬ ಶಾಲಾ ಮಾಸ್ತರರಿದ್ದರು. ದೊಡ್ಡ ಪದವಿಗಳಿಲ್ಲ, ಪ್ರಯೋಗಶಾಲೆಯಿಲ್ಲ. ಅಂಕಗಳೊಡನೆ ಜೀವಮಾನವೆಲ್ಲ ಸಖ್ಯ. ೧, ೧೨೧, ೧೨೩೨೧, ೧೨೩೪೩೨೧ ಎಂದು ಸಾಗುವ ಸಂಖ್ಯೆಗಳನ್ನು ಅವರು ಆಳವಾಗಿ ಅಭ್ಯಸಿಸಿದರು. ಈ ವಿಚಾರ ಹೊಳೆದುದು ಮುಂಬಯಿಗೆ ಸಮೀಪದ ಒಂದು ರೈಲು ನಿಲ್ದಾಣದಲ್ಲಿ. ಇಂದು ಡೊಂಬಿವಲಿ ಎನಿಸಿಕೊಳ್ಳುವ ಆ ನಿಲ್ದಾಣದ ಅಂದಿನ ಹೆಸರಿನಿಂದ ಇವುಗಳಿಗೆ ‘ಡೆಮ್ಲೊ ಸಂಖ್ಯೆ’ಗಳೆಂದು ಹೆಸರಿಟ್ಟರು. ಆ ಸಾಲಿನಲ್ಲಿ ಆರನೆಯದು ನಮ್ಮ ೧೨೩೪೫೬೫೪೩೨೧. ಕಾಪ್ರೇಕರರನ್ನು ಮೊದಮೊದಲು ಸ್ವದೇಶದ ಪಂಡಿತರೇ ಲಘುವಾಗಿ ಕಂಡರು. ೧೯೭೫ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಜಗತ್ತು ಅವರತ್ತ ನೋಡಿತು. ಅರಸನ ಛತ್ರದ ನೆರಳಿನಲ್ಲಿ ಒಮ್ಮೆ, ರೈಲು ಕಾಯುವ ಮಾಸ್ತರರ ಮನಸ್ಸಿನಲ್ಲಿ ಇನ್ನೊಮ್ಮೆ, ಸಾವಿರ ವರ್ಷಗಳ ಅಂತರದಲ್ಲಿ ಅದೇ ಸಂಖ್ಯೆ ಬೆಳಗಿತು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳುವುದು ನಮ್ಮ ಕರ್ತವ್ಯ. ಮೊದಲನೆಯದು, ಇಂಥ ಸಂಖ್ಯೆಯನ್ನು ತಗಡಿನಲ್ಲಿ ಕೊರೆಸಿ ಕಟ್ಟಿಕೊಂಡರೆ ಭಾಗ್ಯ ತೆರೆಯುವುದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಇದರ ಹಿರಿಮೆಯೆಲ್ಲ ಲೆಕ್ಕದಲ್ಲಿದೆ. ಗುಣಿಸದವನಿಗೆ ಇದು ಹನ್ನೊಂದು ಅಂಕಗಳ ಸಾಲು ಮಾತ್ರ. ಎರಡನೆಯದು, ಎಲ್ಲವೂ ನಮ್ಮ ಪೂರ್ವಿಕರಿಗೇ ತಿಳಿದಿತ್ತೆಂದು ಬೀಗುವುದು ಬೇಡ. ವೃತ್ತಪರಿಧಿಯೇ ಮೊದಲಾದೆಡೆ ಮಹಾವೀರಾಚಾರ್ಯರೂ ಸ್ಥೂಲವಾದ ಮಾನಗಳನ್ನು ಬಳಸಿದ್ದಾರೆ. ಅವರು ಮಾಡಿದುದನ್ನು ಅವರು ಮಾಡಿದಷ್ಟೇ ಹೇಳಿದರೆ ಅವರ ಗೌರವಕ್ಕೆ ಸಾಕು. ಪೂರ್ವಿಕರ ಹೆಸರು ಹೇಳಿಕೊಂಡು ತಾನು ಮಗ್ಗಿಯನ್ನೂ ಕಲಿಯದವನು ಅವರ ವಾರಸುದಾರನಾಗಲಾರನು.

ಈ ಮಾತನ್ನು ನಾವು ಸುಮ್ಮನೆ ಆಡುತ್ತಿಲ್ಲ. ೨೦೦೯ರ ಡಿಸೆಂಬರ್ ೩೦ರಂದು ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. ಸಂವಿಧಾನದ ೩೭೧ಜೆ ವಿಧಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ದೊರೆಯಿತು. ೨೦೧೯ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂದಿತು. ಆದರೂ ೨೦೨೪ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಶೇಕಡ ೫೦.೫೯ ಫಲಿತಾಂಶದೊಡನೆ ಯಾದಗಿರಿ ಜಿಲ್ಲೆಯು ರಾಜ್ಯದಲ್ಲಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಂದು ಮಗು ಹೊಸ್ತಿಲಲ್ಲೇ ಮುಗ್ಗರಿಸಿತು. ಲೆಕ್ಕವೆಂದರೆ ನಮ್ಮ ಮಕ್ಕಳಿಗೆ ಭಯ. ಅದು ಎಲ್ಲಿಯದೋ ದೂರದ ವಿದ್ಯೆ, ತಮ್ಮ ಮನೆತನಕ್ಕೆ, ತಮ್ಮ ಮಣ್ಣಿಗೆ ಸಲ್ಲದ್ದು ಎಂಬ ಕೀಳರಿಮೆ ಆ ಭಯದ ಬೇರು. ಆ ಬೇರನ್ನು ಕೀಳಬೇಕಾದರೆ, ಮಗುವೇ, ಇದು ನಿನ್ನ ಊರಿನ ಹೊಳೆಯ ಮೇಲ್ದಂಡೆಯ ಅರಸನ ಕಾಲದಲ್ಲಿ ಅರಳಿದ ವಿದ್ಯೆ ಎಂದು ಹೇಳಿದರಷ್ಟೇ ಸಾಲದು. ಲೆಕ್ಕವನ್ನು ಕೈಯಲ್ಲಿ ಹಿಡಿಸಿ ಮಾಡಿಸಬೇಕು.

ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಶಿಕ್ಷಕರಿದ್ದೀರಿ. ಶಹಾಪುರ, ಸುರಪುರ, ಯಾದಗಿರಿಯ ಹಳ್ಳಿಗಳಲ್ಲಿ ಕಲಿಸುತ್ತಿದ್ದೀರಿ. ತಮ್ಮಲ್ಲಿ ನಮ್ಮದೊಂದು ವಿನಂತಿ. ನಾಳೆ ತರಗತಿಯ ಹಲಗೆಯ ಮೇಲೆ ೧೫೨೨೦೭ ಎಂದು ಬರೆಯಿರಿ. ಅದನ್ನು ೭೩ರಿಂದ ಗುಣಿಸಲು ಹೇಳಿರಿ. ಉತ್ತರವನ್ನು ಮಾತ್ರ ಮೊದಲೇ ಹೇಳಬೇಡಿರಿ. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ಹುಡುಗಿಯೊಬ್ಬಳು, ದಡ್ಡನೆಂದು ಕರೆಸಿಕೊಂಡ ಹುಡುಗನೊಬ್ಬನು, ತಿದ್ದಿ, ಅಳಿಸಿ, ಮತ್ತೆ ತಿದ್ದಿ, ಕೊನೆಗೆ ಎಂಟು ಒಂದುಗಳನ್ನು ಸಾಲಾಗಿ ಕಂಡಾಗ ಆ ಮುಖವನ್ನು ನೋಡಿರಿ. ಅದು ಮುಗಿದ ಮೇಲೆ ಮುಂದಿನ ವಾರಕ್ಕೆ ೨೭೯೯೪೬೮೧ನ್ನು ಇಟ್ಟುಕೊಳ್ಳಿರಿ.

ಅಮೋಘವರ್ಷನ ಅರಮನೆಯ ಒಡವೆಗಳಲ್ಲಿ ಒಂದೂ ನಮ್ಮ ಮಕ್ಕಳ ಪಾಲಿಗೆ ಬರಲಿಲ್ಲ. ಈ ಕಂಠಿಕೆಯೊಂದು ಬಂದಿದೆ. ಇದನ್ನು ತೊಡಿಸಲು ಬಂಗಾರ ಬೇಡ. ಒಂದು ತುಂಡು ಸೀಮೆಸುಣ್ಣ, ಸ್ವಲ್ಪ ತಾಳ್ಮೆ ಸಾಕು.